ಎಮಿಲ್ ಜೋಲಾ ಯಾರು? ಅವನನ್ನು ಯಾವ ಕಾದಂಬರಿಯಿಂದ ಓದಲು ಆರಂಭಿಸಬಹುದು?

'ಜರ್ಮಿನಲ್'ನಿಂದ ಆರಂಭಿಸಿ. ಇಪ್ಪತ್ತು ಕಾದಂಬರಿಗಳ ಮಾಲೆಯಲ್ಲಿ ಅದು ಹದಿಮೂರನೆಯದಾದರೂ ಬಿಡಿಯಾಗಿ ಓದಲು ತೊಡಕಿಲ್ಲ.

ಫ್ರೆಂಚ್ ಕಾದಂಬರಿಕಾರ ಜೋಲಾ ಹುಟ್ಟಿದ್ದು 1840ರಲ್ಲಿ, ಪ್ಯಾರಿಸ್‌ನಲ್ಲಿ. ಬೆಳೆದದ್ದು ದಕ್ಷಿಣ ಫ್ರಾನ್ಸಿನ ಏಕ್ಸ್‌ನಲ್ಲಿ. ಚಿತ್ರಕಾರ ಸೆಜಾನ್ ಅವನ ಶಾಲಾ ಗೆಳೆಯ. ಎಂಜಿನಿಯರ್ ಆಗಿದ್ದ ತಂದೆ ಬೇಗ ತೀರಿಕೊಂಡದ್ದರಿಂದ ಬಡತನದ ರುಚಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

1871ರಿಂದ 1893ರವರೆಗೆ ಬಂದ 'ರೂಗೋನ್-ಮಕಾರ್' ಮಾಲೆ ಒಂದೇ ವಂಶದ ಹಲವು ಕವಲುಗಳ ಕತೆ. ಮನುಷ್ಯನನ್ನು ರೂಪಿಸುವುದು ಅನುವಂಶೀಯತೆ ಮತ್ತು ಪರಿಸರ ಎಂಬುದು ಅದರ ಹಿಂದಿನ ಸಿದ್ಧಾಂತ. ಆ ಸಿದ್ಧಾಂತ ಇಂದು ಹಳತಾಗಿದೆ, ನಿಜ ಹೇಳಬೇಕೆಂದರೆ ಓದುವಾಗ ಅದು ನೆನಪಿಗೂ ಬರುವುದಿಲ್ಲ. ಉಳಿದಿರುವುದು ಅವನ ಕಣ್ಣು. 1884ರಲ್ಲಿ ಉತ್ತರದ ಆಂಜಾನ್‌ನಲ್ಲಿ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದಾಗ ಅವನು ಅಲ್ಲಿಗೆ ಹೋಗಿ ಗಣಿಯೊಳಗೆ ಇಳಿದ, ಟಿಪ್ಪಣಿ ಮಾಡಿಕೊಂಡ. ಮರುವರ್ಷ ಬಂದ 'ಜರ್ಮಿನಲ್'ನಲ್ಲಿ ನೆಲದಡಿಯಲ್ಲೇ ಬದುಕು ಸವೆಸುವ ಕುದುರೆಗಳಿವೆ, ಇದ್ದಿಲ ಬಂಡಿ ತಳ್ಳುವ ಹುಡುಗಿಯರಿದ್ದಾರೆ. ಕಾರ್ಮಿಕರನ್ನು ಅವನು ದೇವರನ್ನಾಗಿಸುವುದಿಲ್ಲ. ಹಸಿದ ಗುಂಪಿನ ಕ್ರೌರ್ಯವನ್ನೂ ಮುಚ್ಚಿಡುವುದಿಲ್ಲ.

1898ರಲ್ಲಿ, ದೇಶದ್ರೋಹದ ಸುಳ್ಳು ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಯಹೂದಿ ಸೇನಾಧಿಕಾರಿ ಡ್ರೇಫಸ್ ಪರವಾಗಿ ಪತ್ರಿಕೆಯಲ್ಲಿ 'ನಾನು ಆರೋಪಿಸುತ್ತೇನೆ' ಎಂಬ ಬಹಿರಂಗ ಪತ್ರ ಬರೆದ. ಮಾನನಷ್ಟದ ಮೊಕದ್ದಮೆಯಲ್ಲಿ ಜೈಲು ಶಿಕ್ಷೆಯಾದಾಗ ಇಂಗ್ಲೆಂಡಿಗೆ ಪಲಾಯನ ಮಾಡಬೇಕಾಯಿತು. 1902ರಲ್ಲಿ, ಮಲಗುವ ಕೋಣೆಯಲ್ಲಿ ತುಂಬಿಕೊಂಡ ವಿಷಾನಿಲದಿಂದ ಸತ್ತ. ಅದು ಕೊಲೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ.

'ಜರ್ಮಿನಲ್' ಹಿಡಿಸಿದರೆ 1877ರ 'ಲಾಸೊಮ್ವಾರ್' ಕೈಗೆತ್ತಿಕೊಳ್ಳಿ. ಅದರ ನಾಯಕಿ, ಬಟ್ಟೆ ಒಗೆದು ಬದುಕುವ ಗೆರ್ವೇಸ್, 'ಜರ್ಮಿನಲ್'ನ ನಾಯಕ ಎತಿಯೆನ್‌ನ ತಾಯಿ.