ಹತ್ತು ಸಾವಿರ ಎಂಎಎಚ್ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಪವರ್ ಬ್ಯಾಂಕ್ 10,000 ಎಂಎಎಚ್‌ನದು, ಮೊಬೈಲಿನ ಬ್ಯಾಟರಿ 5,000 ಎಂಎಎಚ್. ಎರಡು ಸಲ ಪೂರ್ತಿ ಚಾರ್ಜ್ ಆಗಬೇಕಲ್ಲವೇ? ಒಂದೂವರೆ ಸಲಕ್ಕೇ ಖಾಲಿಯಾಗುತ್ತಿದೆ. ಇದು ಮೋಸವೇ?

ಉತ್ತರ: ಮೋಸವಲ್ಲ. ಒಂದೂವರೆ ಸಲ ಸಿಗುತ್ತಿದ್ದರೆ ನಿಮ್ಮ ಪವರ್ ಬ್ಯಾಂಕ್ ಚೆನ್ನಾಗಿಯೇ ಇದೆ. 10,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂಬುದು ಒಳಗಿರುವ ಲಿಥಿಯಂ ಸೆಲ್‌ಗಳ ಅಳತೆ, ಅವುಗಳ ಸರಾಸರಿ ವೋಲ್ಟೇಜ್ 3.7. ಯುಎಸ್‌ಬಿ ಪೋರ್ಟಿನಿಂದ ಹೊರಬರುವುದು 5 ವೋಲ್ಟ್. ವೋಲ್ಟೇಜ್ ಏರಿಸಿದಷ್ಟೂ ಎಂಎಎಚ್ ಇಳಿಯುತ್ತದೆ. ಹಾಗಾಗಿ ಎಂಎಎಚ್ ಬಿಟ್ಟು, ಒಟ್ಟು ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ನಲ್ಲಿ ಲೆಕ್ಕ ಹಾಕಿ. 10,000 ಎಂಎಎಚ್ ಎಂದರೆ 10 ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಅವರ್. ವೋಲ್ಟೇಜ್ ಏರಿಸುವ ಸರ್ಕ್ಯೂಟಿನಲ್ಲಿ ಶೇ 10ರಿಂದ 15ರಷ್ಟು ಶಾಖವಾಗಿ ಕಳೆದು, ಹೊರಬರುವುದು ಸುಮಾರು 32. ಕೇಬಲ್ ಮತ್ತು ಮೊಬೈಲಿನೊಳಗಿನ ಚಾರ್ಜಿಂಗ್ ಸರ್ಕ್ಯೂಟ್ ತಮ್ಮ ಪಾಲು ತಿಂದ ಮೇಲೆ ಬ್ಯಾಟರಿಗೆ ಸೇರುವುದು 28ರ ಆಸುಪಾಸು. 5,000 ಎಂಎಎಚ್, 3.85 ವೋಲ್ಟಿನ ಬ್ಯಾಟರಿ ತುಂಬಲು 19 ಬೇಕು. 28ನ್ನು 19ರಿಂದ ಭಾಗಿಸಿ ನೋಡಿ, ನಿಮ್ಮ ಒಂದೂವರೆ ಸಿಕ್ಕಿತು.

ಚಾರ್ಜ್ ಆಗುವಾಗ ವಿಡಿಯೊ ನೋಡುತ್ತಿದ್ದರೆ ಇದೂ ಸಿಗದು. ಹೊಸದು ಕೊಳ್ಳುವಾಗ ಹಿಂಬದಿಯ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಹುಡುಕಿ. 10,000ದ ಪವರ್ ಬ್ಯಾಂಕ್‌ಗೆ 5 ವೋಲ್ಟಿನಲ್ಲಿ 6,000ದ ಹತ್ತಿರ ಇರುತ್ತದೆ. ಹೋಲಿಸಬೇಕಾದದ್ದು ಆ ಸಂಖ್ಯೆಯನ್ನೇ.

ಪ್ರಶ್ನೆ: ಗೋಡೆಯ ಚಾರ್ಜರ್‌ನಲ್ಲಿ ಬೇಗ ತುಂಬುವ ಮೊಬೈಲ್, ಪವರ್ ಬ್ಯಾಂಕಿನಲ್ಲಿ ತುಂಬಾ ನಿಧಾನ. ಏಕೆ?

ಉತ್ತರ: ಮೊದಲು ಕೇಬಲ್ ಬದಲಿಸಿ ನೋಡಿ. ಕೇಬಲಿನ ತಂತಿ ತೆಳುವಾಗಿದ್ದು ರೋಧ (ಕರೆಂಟಿಗೆ ಒಡ್ಡುವ ತಡೆ) 0.3 ಓಮ್ ಇದ್ದರೆ, 2 ಆಂಪಿಯರ್ ಹರಿಯುವಾಗ 0.6 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಮೊಬೈಲಿಗೆ ತಲುಪುವುದು 4.4 ವೋಲ್ಟ್ ಮಾತ್ರ. ಆಗ ಅದು ತಾನಾಗಿಯೇ ಕರೆಂಟ್ ತಗ್ಗಿಸಿಕೊಳ್ಳುತ್ತದೆ. ಕೇಬಲ್ ಸರಿಯಿದ್ದರೆ, ಬಹುಶಃ ಫಾಸ್ಟ್ ಚಾರ್ಜಿಂಗ್ ವಿಧಾನ ಹೊಂದುತ್ತಿಲ್ಲ. ಮೊಬೈಲ್ ಮತ್ತು ಪವರ್ ಬ್ಯಾಂಕ್ ಎರಡಕ್ಕೂ ಪಿಡಿ (ಪವರ್ ಡೆಲಿವರಿ, ಹೆಚ್ಚಿನ ವೋಲ್ಟೇಜ್ ಕೊಡಬಲ್ಲ ಯುಎಸ್‌ಬಿ ಫಾಸ್ಟ್ ಚಾರ್ಜಿಂಗ್) ಅಥವಾ ಇನ್ನೊಂದು ಸಮಾನ ವಿಧಾನ ಗೊತ್ತಿರಬೇಕು, ಇಲ್ಲವಾದರೆ ಎರಡೂ 5 ವೋಲ್ಟಿಗೇ ನಿಲ್ಲುತ್ತವೆ. ಎರಡು ಮೊಬೈಲ್ ಒಟ್ಟಿಗೆ ಚುಚ್ಚಿದಾಗಲೂ ಎಷ್ಟೋ ಪವರ್ ಬ್ಯಾಂಕ್‌ಗಳು 5 ವೋಲ್ಟಿಗೆ ಇಳಿಯುತ್ತವೆ.

ಪ್ರಶ್ನೆ: ಇಯರ್‌ಬಡ್ಸ್ ಚುಚ್ಚಿದರೆ ಸ್ವಲ್ಪ ಹೊತ್ತಿಗೇ ಪವರ್ ಬ್ಯಾಂಕ್ ಆಫ್ ಆಗುತ್ತದೆ.

ಉತ್ತರ: ಇಯರ್‌ಬಡ್ಸ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಏನೂ ಚುಚ್ಚಿಲ್ಲವೆಂದೇ ಪವರ್ ಬ್ಯಾಂಕ್ ತಿಳಿಯುತ್ತದೆ. ಕೆಲವು ಮಾದರಿಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಅಥವಾ ಒತ್ತಿ ಹಿಡಿದರೆ ಸಣ್ಣ ಕರೆಂಟಿನ ಮೋಡ್ ಬರುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯ 18650 ಸೆಲ್‌ಗಳಿಂದ (ಒಳಗಿರುವ ದುಂಡನೆಯ ಲಿಥಿಯಂ ಸೆಲ್‌ಗಳು) ನಾನೇ ಪವರ್ ಬ್ಯಾಂಕ್ ಮಾಡಬಹುದೇ?

ಉತ್ತರ: ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಮತ್ತು ತಾಳ್ಮೆ ಎರಡೂ ಇದ್ದರೆ ಮಾತ್ರ. ಪ್ರತಿ ಸೆಲ್ ಅಳೆಯಿರಿ. 2.5 ವೋಲ್ಟಿಗಿಂತ ಕೆಳಗಿಳಿದದ್ದನ್ನು ಮತ್ತೆ ಚಾರ್ಜ್ ಮಾಡದೆ ಇ-ತ್ಯಾಜ್ಯಕ್ಕೆ ಕೊಡಿ. ಉಳಿದವನ್ನು 4.2 ವೋಲ್ಟ್‌ವರೆಗೆ ತುಂಬಿ ಒಂದು ವಾರ ಇಡಿ, 4 ವೋಲ್ಟಿಗಿಂತ ಕೆಳಗೆ ಬಿದ್ದವು ಬೇಡ. ಸಮಾನಾಂತರವಾಗಿ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್) ಜೋಡಿಸುವ ಮುನ್ನ ಎಲ್ಲ ಸೆಲ್‌ಗಳ ವೋಲ್ಟೇಜ್ 0.05 ವೋಲ್ಟಿನ ಅಂತರದೊಳಗೆ ಹೊಂದಬೇಕು. ಜೋಡಿಸುವವರು ಎಡವುವುದು ಇಲ್ಲೇ. ಎರಡು ಸೆಲ್‌ಗಳ ನಡುವೆ ಅರ್ಧ ವೋಲ್ಟ್ ಅಂತರವಿದ್ದು, ಒಟ್ಟು ಒಳರೋಧ 0.1 ಓಮ್ ಇದ್ದರೆ, ಜೋಡಿಸಿದ ಕ್ಷಣವೇ 5 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಸೆಲ್‌ನ ತುದಿಗೆ ನೇರ ಬೆಸುಗೆ ಹಾಕಬೇಡಿ, ಬಿಸಿಗೆ ಒಳಪದರ ಹಾಳಾಗುತ್ತದೆ. ಹೋಲ್ಡರ್ ಬಳಸಿ. ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ ಕೂಡ ಬೇಡ: ಪಾಸಿಟಿವ್ ತುದಿಯ ಸುತ್ತಲಿನ ಅಂಚು ನೆಗೆಟಿವ್, ಅಲ್ಲಿ ಲೋಹ ತಗುಲಿದರೆ ಶಾರ್ಟ್ ಆಗುತ್ತದೆ. ಅತಿ ಚಾರ್ಜ್, ಅತಿ ಡಿಸ್‌ಚಾರ್ಜ್, ಶಾರ್ಟ್ ಮೂರನ್ನೂ ತಡೆಯುವ ರಕ್ಷಣಾ ಬೋರ್ಡ್ ಇಲ್ಲದೆ ದಯವಿಟ್ಟು ಮಾಡಲೇಬೇಡಿ.

ಪ್ರಶ್ನೆ: ಪವರ್ ಬ್ಯಾಂಕ್ ಸ್ವಲ್ಪ ಉಬ್ಬಿದೆ, ಆದರೂ ಚಾರ್ಜ್ ಮಾಡುತ್ತಿದೆ. ಬಳಸಬಹುದೇ?

ಉತ್ತರ: ಬೇಡ. ಸೆಲ್ ಒಳಗೆ ಅನಿಲ ತುಂಬಿದೆ. ಒತ್ತಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜಿಗೂ ಹಾಕಬೇಡಿ. ಬೇಗ ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು ಆದಷ್ಟು ಬೇಗ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.

ಪ್ರಶ್ನೆ: 20,000 ಎಂಎಎಚ್‌ನದನ್ನು ವಿಮಾನದಲ್ಲಿ ಒಯ್ಯಬಹುದೇ?

ಉತ್ತರ: ಒಯ್ಯಬಹುದು. ಅದು 74 ವ್ಯಾಟ್-ಅವರ್, ಅನುಮತಿ ಬೇಡದ ಮಿತಿ 100. ಆದರೆ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ.