ಹುಳದ ಪಕ್ಕೆಯ ಮೇಲಿನ ಕಂದು ಚುಕ್ಕೆಗಳು

ಪ್ರಶ್ನೆ: ಗೊಬ್ಬರಗುಂಡಿ ಬಗೆಯುವಾಗ ಕುರುವಾಯಿ ದುಂಬಿಯ ದಪ್ಪ ಬಿಳಿ ಹುಳ ಸಿಕ್ಕಿತು. ಎರಡೂ ಪಕ್ಕೆಗೆ ಸಾಲಾಗಿ ಕಂದು ಚುಕ್ಕೆಗಳಿವೆ. ಅದೇ ಅದರ ಮೂಗು ಅಂತಾಳೆ ಮಗಳು. ಹೌದಾ? ಹಾಗಾದರೆ ಒಂದೇ ಜೀವಕೋಶದ ಅಮೀಬಾ ಉಸಿರಾಡೋದು ಹೇಗೆ?
— ಓದುಗರೊಬ್ಬರು, ಕುಮಟಾ

ಉತ್ತರ: ಮಗಳು ಹೇಳಿದ್ದು ಹೆಚ್ಚುಕಮ್ಮಿ ಸರಿ. ಅವು ಉಸಿರಾಟದ ರಂಧ್ರಗಳು. ಇಲ್ಲಿ ಶಿರಸಿಯಲ್ಲಿ ನಮ್ಮ ಗೊಬ್ಬರಗುಂಡಿಯಲ್ಲೂ ಈ ಹುಳ ಸಿಗುತ್ತದೆ. ಎಣಿಸಿ ನೋಡಿ, ಒಂದೊಂದು ಪಕ್ಕೆಗೆ 9. ಮೊದಲನೆಯದು ತಲೆಯ ಹಿಂದೆ, ಕಾಲಿನ ಹತ್ತಿರ. ಉಳಿದ 8 ಹೊಟ್ಟೆಯ ಉದ್ದಕ್ಕೂ ಇವೆ. ಪ್ರತಿ ಚುಕ್ಕೆಯಲ್ಲೂ ಬಾಗಿದ ಒಂದು ಪಟ್ಟಿ, ಅದರ ತುಂಬ ಜರಡಿಯ ಹಾಗೆ ಸೂಕ್ಷ್ಮ ತೂತುಗಳು.

ಅಮೀಬಾಕ್ಕೆ ಇದ್ಯಾವುದೂ ಬೇಡ. ನೀರಿನಲ್ಲಿ ಕರಗಿದ ಆಮ್ಲಜನಕ ಅದರ ತೆಳು ಪೊರೆ ದಾಟಿ ತಾನಾಗಿ ಒಳಗೆ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗೇ ಹೊರಗೆ ಬರುತ್ತದೆ. ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹರಡುವುದು, ಅಷ್ಟೇ. ಆದರೆ ಈ ಹರಡುವಿಕೆ ಹತ್ತಿರದ ದಾರಿಗೆ ಮಾತ್ರ ಸರಿ. ದೂರ ಎರಡು ಪಟ್ಟಾದರೆ ಹಿಡಿಯುವ ಹೊತ್ತು ನಾಲ್ಕು ಪಟ್ಟು. ನೀರಿನಲ್ಲಿ 0.1 ಮಿಲಿಮೀಟರ್ ದಾಟಲು ಕೆಲವೇ ಸೆಕೆಂಡು ಸಾಕು, 1 ಸೆಂಟಿಮೀಟರಿಗೆ ಗಂಟೆಗಟ್ಟಲೆ ಬೇಕು. ನಿಮ್ಮ ಹುಳ ಬೆರಳಿನಷ್ಟು ದಪ್ಪ ಅಲ್ವಾ? ಚರ್ಮದಿಂದ ಹೊಕ್ಕ ಆಮ್ಲಜನಕವನ್ನೇ ನಂಬಿ ಕೂತರೆ ಅದು ಬದುಕೋದಿಲ್ಲ.

ಕೀಟಗಳು ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಗಾಳಿಯಲ್ಲಿ ಆಮ್ಲಜನಕ ನೀರಿಗಿಂತ ಸುಮಾರು 10,000 ಪಟ್ಟು ಬೇಗ ಹರಡುತ್ತದೆ. ಹಾಗಾಗಿ ಅವು ಗಾಳಿಯನ್ನೇ ನೇರ ಒಳಗೆ ಬಿಟ್ಟುಕೊಳ್ಳುತ್ತವೆ. ಪ್ರತಿ ರಂಧ್ರದಿಂದ ಕೊಳವೆ ಹೊರಟು, ಕವಲೊಡೆಯುತ್ತ, ಕೊನೆಗೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣದಾಗಿ ಜೀವಕೋಶದ ಪಕ್ಕಕ್ಕೇ ಮುಟ್ಟುತ್ತದೆ. ಬಹುತೇಕ ಕೀಟಗಳಲ್ಲಿ ಆಮ್ಲಜನಕ ಹೊರುವ ಕೆಲಸ ರಕ್ತಕ್ಕಿಲ್ಲ, ಅದಕ್ಕೇ ಅದು ಕೆಂಪಿಲ್ಲ. ಮಿಡತೆಯಂಥ ದೊಡ್ಡವು ಹೊಟ್ಟೆಯನ್ನು ಹಿಗ್ಗಿಸಿ ಕುಗ್ಗಿಸಿ ಗಾಳಿ ಆಡಿಸುತ್ತವೆ. ಸುಮ್ನೆ ಕೂತ ಮಿಡತೆಯಲ್ಲೂ ಇದು ಕಾಣುತ್ತದೆ.

ಇಟಲಿಯ ಮಾರ್ಸೆಲ್ಲೊ ಮಾಲ್ಪೀಗಿ 1669ರಲ್ಲೇ ರೇಷ್ಮೆಹುಳದ ಈ ಕೊಳವೆಗಳನ್ನು ಬರೆದಿಟ್ಟಿದ್ದಾನೆ. ರಂಧ್ರಗಳಿಗೆ ಎಣ್ಣೆ ಸವರಿದರೆ ಹುಳ ಸಾಯುತ್ತದೆ ಎಂದೂ ಕಂಡುಕೊಂಡ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಂತಾಗ ತಲೆಕೆಳಗಾಗಿ ನೇತಾಡುವ ಸೊಳ್ಳೆಮರಿ ನೋಡಿದ್ದೀರಲ್ಲ? ಬಾಲದ ಕಡೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಅದು ಗಾಳಿ ಎಳೆಯುತ್ತಿರುತ್ತದೆ. ನೀರಿನ ಮೇಲೆ ಎಣ್ಣೆಯ ಪದರ ಹರಡಿದರೆ ಅದೂ ಉಸಿರುಕಟ್ಟಿ ಸಾಯುತ್ತದೆ. ಆದರೆ ಹಾಳೆಯಲ್ಲಿ ನಿಂತ ನೀರಿಗೆ ಎಣ್ಣೆ ಯಾಕೆ? ಕವುಚಿ ಹಾಕಿದರೆ ಸಾಕು.