ಸಿನಾಯ್ ಮಠದಲ್ಲಿ ಮೊದಲು ನೋಡಬೇಕಾದುದು

ಪ್ರಶ್ನೆ: ಕೈರೋದಲ್ಲಿರುವ ಮಗಳು, ಅಳಿಯ ಈ ಚಳಿಗಾಲದಲ್ಲಿ ನಮ್ಮನ್ನು ಸಿನಾಯ್‌ನ ಸೇಂಟ್ ಕ್ಯಾಥರೀನ್ ಮಠಕ್ಕೆ ಕರೆದೊಯ್ಯುತ್ತಾರೆ. ಕ್ರೈಸ್ತರಲ್ಲದ ನಮಗೆ ಪ್ರವೇಶವಿದೆಯೆ? ಅಲ್ಲಿನ ವಸ್ತುಸಂಗ್ರಹಾಲಯವನ್ನೂ ನೋಡಲೇಬೇಕೆ?
– ನಿವೃತ್ತ ಅಧ್ಯಾಪಕಿ, ಕುಂಬಳೆ

ಉತ್ತರ: ಪ್ರವೇಶಕ್ಕೆ ಮತದ ಅಡ್ಡಿಯಿಲ್ಲ, ಅಡ್ಡಿಯಾಗುವುದು ಸಮಯ. ಗ್ರೀಕ್ ಆರ್ಥೊಡಾಕ್ಸ್ ಸಂನ್ಯಾಸಿಗಳು ಇಂದಿಗೂ ವಾಸಿಸುವ ಮಠವಾದುದರಿಂದ ಸಂದರ್ಶಕರಿಗೆ ಬೆಳಗಿನ ಕೆಲವು ಗಂಟೆಗಳಷ್ಟೇ ಅವಕಾಶ. ಶುಕ್ರವಾರ, ಭಾನುವಾರ ಹಾಗೂ ಹಬ್ಬದ ದಿನ ಬಾಗಿಲು ಮುಚ್ಚಿರುವುದು ರೂಢಿ. ಹೊರಡುವ ಮುನ್ನ ಅಳಿಯಂದಿರು ವಿಚಾರಿಸಿಕೊಳ್ಳಲಿ. ಸ್ಥಳ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಕುಂಬಳೆಯ ಚಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಸ್ತುಸಂಗ್ರಹಾಲಯವನ್ನು ಬಿಡಲೇಬಾರದು. 6ನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಚರ್ಚಿನ ಮೊಸಾಯಿಕ್ ಭವ್ಯವೇ ಹೌದು. ಆದರೆ ಅದು ಐಕನ್‌ಗಳ, ಅಂದರೆ ಪೂಜಾಚಿತ್ರಗಳ, ತೆರೆಗೋಡೆಯ ಹಿಂದಿರುವುದರಿಂದ ಪೂರ್ತಿ ಕಾಣಿಸದು. ಸಂಗ್ರಹಾಲಯದಲ್ಲಾದರೋ ಅದೇ ಶತಮಾನದ ಕ್ರಿಸ್ತನ ಚಿತ್ರವನ್ನು ಹತ್ತಿರದಿಂದಲೇ ನೋಡಬಹುದು. ಕರಗಿಸಿದ ಮೇಣದಲ್ಲಿ ಬಣ್ಣ ಕಲಸಿ ಮರದ ಹಲಗೆಯ ಮೇಲೆ ಬರೆದ ಚಿತ್ರ ಅದು. ನಿಮ್ಮೂರ ಬಳಿಯ ಅನಂತಪುರ ದೇವಾಲಯದ ಕಡುಶರ್ಕರ ಪಾಕದ (ಔಷಧೀಯ ದ್ರವ್ಯಗಳ ಮಿಶ್ರಣದ) ಮೂರ್ತಿಗಳನ್ನು ಬಲ್ಲ ತಮಗೆ, ದೇವರ ರೂಪಕ್ಕೆ ಕಲ್ಲು, ಲೋಹಗಳೇ ಆಗಬೇಕೆಂದಿಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ. ಮುಖದ ಎರಡು ಪಾರ್ಶ್ವಗಳನ್ನು ಬೇರೆಬೇರೆಯಾಗಿ ಗಮನಿಸಿ: ಒಂದು ಕಡೆ ಶಾಂತವಾಗಿದ್ದರೆ ಇನ್ನೊಂದು ಕಡೆ ಹುಬ್ಬೇರಿ ಕಠಿಣವಾಗಿದೆ. ದಯೆ ಮತ್ತು ನ್ಯಾಯವೆಂದು ಹಲವರು ಅದನ್ನು ಅರ್ಥೈಸುತ್ತಾರೆ.

ಇಂತಹ ಚಿತ್ರಗಳು ಉಳಿದಿರುವುದೇ ವಿಶೇಷ. 8 ಮತ್ತು 9ನೆಯ ಶತಮಾನಗಳಲ್ಲಿ ಬೈಜಾಂಟಿಯಂನ (ಪೂರ್ವ ರೋಮನ್ ಸಾಮ್ರಾಜ್ಯದ) ಕ್ರೈಸ್ತ ಚಕ್ರವರ್ತಿಗಳೇ ಪೂಜಾಚಿತ್ರಗಳನ್ನು ನಿಷೇಧಿಸಿ ನಾಶಪಡಿಸಿದಾಗ, ಸಿನಾಯ್ ಆಗಲೇ ಮುಸ್ಲಿಂ ಆಳ್ವಿಕೆಗೆ ಸೇರಿದ್ದುದರಿಂದ ಆ ಆಜ್ಞೆ ಅಲ್ಲಿಗೆ ತಲುಪಲಿಲ್ಲ.

ಹಸ್ತಪ್ರತಿಗಳನ್ನೂ ನೋಡಿ. 4ನೆಯ ಶತಮಾನದ ಗ್ರೀಕ್ ಬೈಬಲ್ ಪ್ರತಿಯಾದ ಕೋಡೆಕ್ಸ್ ಸಿನಾಯ್ಟಿಕಸ್ ಇಲ್ಲಿಯದೇ. ಅದರ ಬಹುಪಾಲು 19ನೆಯ ಶತಮಾನದಲ್ಲಿ ರಷ್ಯಕ್ಕೆ ಹೋಗಿ, 1933ರಲ್ಲಿ ಸೋವಿಯತ್ ಸರ್ಕಾರದಿಂದ ಲಂಡನ್ನಿಗೆ ಮಾರಾಟವಾಯಿತು. 1975ರಲ್ಲಿ ಮಠದಲ್ಲೇ ಇನ್ನಷ್ಟು ಹಾಳೆಗಳು ದೊರೆತವು. ರಷ್ಯಕ್ಕೆ ಹೋದ ಭಾಗ ಒಯ್ದದ್ದೋ ಮಠವೇ ಕೊಟ್ಟದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.

ಅನೇಕರು ರಾತ್ರಿಯಿಡೀ 2,285 ಮೀಟರ್ ಎತ್ತರದ ಸಿನಾಯ್ ಬೆಟ್ಟ ಹತ್ತಿ, ಸೂರ್ಯೋದಯ ನೋಡಿ, ತೂಕಡಿಸುತ್ತ ಮಠಕ್ಕೆ ಬರುತ್ತಾರೆ. ತಾವು ಮಠವನ್ನು ಮೊದಲ ದಿನವೇ ನೋಡಿ, ಬೆಟ್ಟವನ್ನು ಮರುದಿನಕ್ಕೆ, ಮೊಣಕಾಲು ಒಪ್ಪಿದರೆ, ಇಟ್ಟುಕೊಳ್ಳಿ. ಹೊರಬರುವಾಗ ಕೋಟೆಗೋಡೆಯೊಳಗೇ ಚರ್ಚಿನ ಪಕ್ಕದಲ್ಲಿರುವ ಈಜಿಪ್ಟನ್ನಾಳಿದ ಫಾತಿಮಿ ಮುಸ್ಲಿಂ ರಾಜವಂಶದ ಕಾಲದ ಪುಟ್ಟ ಮಸೀದಿಯನ್ನು ಮರೆಯದೆ ನೋಡಿ.